ರಾತ್ರಿ 12.30ರ ಕಿರಣ ಸುಳ್ಳು, ಮಧ್ಯಾಹ್ನ 12.30ರದ್ದು ನಿಜ: ಫೋನಿನಲ್ಲಿ ಕಾಣುವ ‘ಯುವಿ 12’ ಹೇಳುವುದೇನು?

ಎರಡು ಬಗೆಯ ಫಾರ್ವರ್ಡ್‌ಗಳು ನಿಮ್ಮ ಗ್ರೂಪಿಗೂ ಬಂದಿರಬಹುದು.

ಮೊದಲನೆಯದು ಹಳೆಯದು, ಸಾಯದೆ ಸುತ್ತುತ್ತಲೇ ಇರುವಂಥದ್ದು. ಇವತ್ತು ರಾತ್ರಿ 12.30ರಿಂದ 3.30ರ ನಡುವೆ ಅಪಾಯಕಾರಿ ಕಾಸ್ಮಿಕ್ ಕಿರಣಗಳು ಭೂಮಿಯ ಹತ್ತಿರ ಹಾದುಹೋಗುತ್ತವೆ, ಮೊಬೈಲ್ ಆಫ್ ಮಾಡಿ ದೂರ ಇಟ್ಟು ಮಲಗಿ, ನಾಸಾ ಮತ್ತು ಬಿಬಿಸಿ ಹೇಳಿವೆ ಎಂಬ ಸಂದೇಶ. ಎರಡನೆಯದು ಬೇಸಿಗೆಯಲ್ಲಿ ಓಡಾಡುವುದು. ಹವಾಮಾನ ಆ್ಯಪ್‌ನ ಸ್ಕ್ರೀನ್‌ಶಾಟ್, ಅದರಲ್ಲಿ ನೇರಳೆ ಬಣ್ಣದಲ್ಲಿ ‘ಯುವಿ 12’, ಕೆಳಗೆ ‘ಬೆಂಗಳೂರಿಗೆ ಹಿಂದೆಂದೂ ಕಾಣದ ವಿಕಿರಣ’ ಎಂಬ ಅರ್ಥದ ನಾಲ್ಕು ಸಾಲು.

ಮೊದಲನೆಯದು ಪೂರ್ತಿ ಸುಳ್ಳು. ಎರಡನೆಯದರಲ್ಲಿ ಅಂಕಿ ನಿಜ, ಒಕ್ಕಣೆ ಸುಳ್ಳು. ಆದರೆ ಈ ಎರಡರ ನಡುವೆ ಮೂರನೆಯ ಮಾತೊಂದಿದೆ. ಅದನ್ನು ಯಾರೂ ಫಾರ್ವರ್ಡ್ ಮಾಡುವುದಿಲ್ಲ, ಎಲ್ಲರೂ ಬಾಯಲ್ಲೇ ಹೇಳುತ್ತಾರೆ: ‘ನಮ್ಮ ಬೆಂಗಳೂರು ತಂಪು, ಇಲ್ಲಿನ ಬಿಸಿಲು ಏನೂ ಮಾಡಲ್ಲ.’ ಮೂರರಲ್ಲಿ ಹೆಚ್ಚು ಹಾನಿ ಮಾಡುವುದು ಈ ಮಾತೇ. ಯಾಕೆ ಎಂದು ತಿಳಿಯಬೇಕಾದರೆ ಆ 12 ಎಂಬ ಅಂಕಿ ಎಲ್ಲಿಂದ ಬಂತು ಎಂದು ನೋಡಬೇಕು.

ಬಿಸಿಲಿನ ಶಾಖ ಬೇರೆ, ನೇರಳಾತೀತ ಕಿರಣ ಬೇರೆ

ಸೂರ್ಯನ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಕಾಣುವ ಬಣ್ಣಗಳು ನೇರಳೆಗೆ ಮುಗಿಯುತ್ತವೆ. ಅದರಾಚೆಗೂ ಬೆಳಕಿದೆ, ಅದೇ ನೇರಳಾತೀತ ಅಥವಾ ಯುವಿ. ಅಲೆಯ ಉದ್ದದ ಮೇಲೆ ಅದನ್ನು ಮೂರು ಭಾಗ ಮಾಡುತ್ತಾರೆ. 315ರಿಂದ 400 ನ್ಯಾನೊಮೀಟರ್‌ವರೆಗಿನದು ಯುವಿ-ಎ, 280ರಿಂದ 315ರವರೆಗಿನದು ಯುವಿ-ಬಿ, 100ರಿಂದ 280ರವರೆಗಿನದು ಯುವಿ-ಸಿ. ಯುವಿ-ಸಿ ಅತಿ ಅಪಾಯಕಾರಿ, ಆದರೆ ವಾಯುಮಂಡಲ ಅದನ್ನು ಪೂರ್ತಿ ತಡೆಯುತ್ತದೆ. ಯುವಿ-ಬಿಯ ಬಹುಪಾಲನ್ನು ಓಝೋನ್ ಪದರ ಹೀರುತ್ತದೆ, ಉಳಿದದ್ದು ನಮ್ಮ ಮೇಲೆ ಬೀಳುತ್ತದೆ. ಯುವಿ-ಎ ಹೆಚ್ಚುಕಡಿಮೆ ಹಾಗೇ ಇಳಿಯುತ್ತದೆ.

ಮೈಗೆ ತಟ್ಟುವ ಬಿಸಿ ಈ ಯುವಿಯದ್ದಲ್ಲ. ಅದು ಮುಖ್ಯವಾಗಿ ಕಾಣುವ ಬೆಳಕು ಮತ್ತು ಇನ್‌ಫ್ರಾರೆಡ್ ಕಿರಣಗಳದ್ದು, ಜೊತೆಗೆ ಕಾದ ಗಾಳಿ, ಕಾದ ರಸ್ತೆಯದ್ದು. ಒಂದು ಲೆಕ್ಕ ನೋಡಿ. ಯುವಿ ಸೂಚ್ಯಂಕದ ಒಂದು ಅಂಕ ಎಂದರೆ ಒಂದು ಚದರ ಮೀಟರ್ ಮೇಲೆ 25 ಮಿಲಿವಾಟ್. ಚರ್ಮವನ್ನು ಕೆಂಪಾಗಿಸುವ ಸಾಮರ್ಥ್ಯಕ್ಕೆ ತಕ್ಕಂತೆ ತೂಗಿ ತೆಗೆದ ಅಳತೆ ಅದು. ಅಂದರೆ ‘ಯುವಿ 12’ ಎನ್ನುವುದು 0.3 ವಾಟ್. ಅದೇ ಚದರ ಮೀಟರ್ ಮೇಲೆ ಮಟಮಟ ಮಧ್ಯಾಹ್ನ ಬೀಳುವ ಒಟ್ಟು ಬಿಸಿಲು ಸುಮಾರು 1000 ವಾಟ್. ಸಾವಿರದ ಪಕ್ಕದಲ್ಲಿ 0.3 ಮೈಗೆ ಹೇಗೆ ಗೊತ್ತಾದೀತು?

ಆದ್ದರಿಂದ ಹೆಬ್ಬಾಳ ಕೆರೆಯ ಕಡೆಯಿಂದ ತಂಗಾಳಿ ಬೀಸುತ್ತಿದ್ದರೆ ನಿಮಗೆ ಹಿತವೆನಿಸುತ್ತದೆ, ಯುವಿ ಮಾತ್ರ ಒಂದು ಅಂಕವೂ ಇಳಿಯುವುದಿಲ್ಲ. ಥರ್ಮಾಮೀಟರ್ ಅದನ್ನು ತೋರಿಸುವುದಿಲ್ಲ, ಕಣ್ಣಿಗೆ ಕಾಣುವುದಿಲ್ಲ, ಚರ್ಮಕ್ಕೆ ಗೊತ್ತಾಗುವ ಹೊತ್ತಿಗೆ ತಡವಾಗಿರುತ್ತದೆ. ಅದನ್ನು ಅಳೆದೇ ತಿಳಿಯಬೇಕು.

ಫೋನಿಗೆ ಈ ಅಂಕಿ ಕೊಟ್ಟವರು ಯಾರು?

ನಿಮ್ಮ ಫೋನಿನಲ್ಲಿ ಯುವಿ ಮಾಪಕ ಇಲ್ಲ. ಯಲಹಂಕದ ಹವಾಮಾನ ಎಂದು ತೋರಿಸಿದರೂ ಆ ಅಂಕಿ ಯಲಹಂಕದಲ್ಲಿ ಅಳೆದದ್ದಾಗಿರಬೇಕಿಲ್ಲ. ಯುವಿಯನ್ನು ನೆಲದ ಮೇಲೆ ನೇರವಾಗಿ ಅಳೆಯುವ ಮಾಪಕಗಳಿವೆ. ಪಕ್ಕದ ಕೇರಳದಲ್ಲಿ ರಾಜ್ಯ ವಿಪತ್ತು ನಿರ್ವಹಣಾ ಪ್ರಾಧಿಕಾರ ಇಂಥ ಮಾಪಕಗಳ ಅಂಕಿ ಇಟ್ಟುಕೊಂಡು 2025ರಿಂದ ಎಚ್ಚರಿಕೆ ಪ್ರಕಟಿಸುತ್ತಿದೆ. ಆದರೆ ಆ್ಯಪ್‌ಗಳು ಸಾಮಾನ್ಯವಾಗಿ ತೋರಿಸುವುದು ಲೆಕ್ಕ ಹಾಕಿ ತೆಗೆದ ಮುನ್ಸೂಚನೆ.

ಆ ಲೆಕ್ಕಕ್ಕೆ ನಾಲ್ಕು ಸಂಗತಿ ಬೇಕು. ಸೂರ್ಯ ಎಷ್ಟು ಎತ್ತರದಲ್ಲಿದ್ದಾನೆ? ಮೇಲೆ ಓಝೋನ್ ಎಷ್ಟಿದೆ? ಊರು ಸಮುದ್ರಮಟ್ಟದಿಂದ ಎಷ್ಟು ಮೇಲಿದೆ? ಮೋಡ ಮತ್ತು ಧೂಳು ಎಷ್ಟಿದೆ? ಮೊದಲನೆಯದಕ್ಕೆ ಪಂಚಾಂಗದ ಗಣಿತ ಸಾಕು. ಮೂರನೆಯದು ಬದಲಾಗುವುದೇ ಇಲ್ಲ, ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. ಎರಡನೆಯ ಮತ್ತು ನಾಲ್ಕನೆಯ ಪ್ರಶ್ನೆಗೆ ಉತ್ತರ ಬಹುಮಟ್ಟಿಗೆ ಉಪಗ್ರಹಗಳಿಂದ ಬರುತ್ತದೆ.

ಓಝೋನನ್ನು ಮೇಲಿನಿಂದ ಅಳೆಯುವುದು ಹೇಗೆ?

ಉಪಗ್ರಹ ಓಝೋನ್ ಪದರದೊಳಗೆ ಕಡ್ಡಿ ಅದ್ದಿ ನೋಡುವುದಿಲ್ಲ. ಅದು ಭೂಮಿಯಿಂದ ವಾಪಸ್ ಚದುರಿ ಬರುವ ಸೂರ್ಯನ ಯುವಿಯನ್ನು ನೋಡುತ್ತದೆ. ಓಝೋನ್ ಚೆನ್ನಾಗಿ ಹೀರುವ ಒಂದು ತರಂಗಾಂತರ, ಅಷ್ಟಾಗಿ ಹೀರದ ಇನ್ನೊಂದು ತರಂಗಾಂತರ, ಎರಡನ್ನೂ ಹೋಲಿಸುತ್ತದೆ. ಮೊದಲನೆಯದು ಎಷ್ಟು ಮಂಕಾಗಿದೆಯೋ ನಡುವೆ ಅಷ್ಟು ಓಝೋನ್ ಇದೆ ಎಂದರ್ಥ. 1978ರಲ್ಲಿ ಹಾರಿದ ನಿಂಬಸ್-7 ಉಪಗ್ರಹದ ‘ಟಾಮ್ಸ್’ ಉಪಕರಣ ಹೀಗೆ ಇಡೀ ಭೂಮಿಯ ಓಝೋನ್ ನಕ್ಷೆ ಬಿಡಿಸಿತು. ನಂತರ 2004ರ ಆರಾ, 2017ರ ಸೆಂಟಿನೆಲ್-5ಪಿ ಉಪಗ್ರಹಗಳು ಇದೇ ಕೆಲಸ ಮುಂದುವರಿಸಿದವು.

ಬೆಂಗಳೂರಿನಂಥ ಉಷ್ಣವಲಯದ ಊರುಗಳ ಮೇಲೆ ಓಝೋನ್ ಸಾಮಾನ್ಯವಾಗಿ 250ರಿಂದ 280 ಡಾಬ್ಸನ್ ಆಸುಪಾಸು ಇರುತ್ತದೆ. ಅಷ್ಟನ್ನೂ ನೆಲಮಟ್ಟದ ಒತ್ತಡಕ್ಕೆ ತಂದು ಒಂದೇ ಪದರವಾಗಿ ಹಾಸಿದರೆ ದಪ್ಪ ಮೂರು ಮಿಲಿಮೀಟರ್ ಕೂಡ ಆಗುವುದಿಲ್ಲ. ನಮ್ಮ ಮತ್ತು ಸೂರ್ಯನ ಯುವಿ-ಬಿಯ ನಡುವೆ ಇರುವ ತಡೆ ಅಷ್ಟೇ.

ಈ ಅಳತೆಯಲ್ಲೊಂದು ತೊಡಕಿದೆ. ವಾಪಸ್ ಬಂದದ್ದು ಎಷ್ಟು ಎಂದು ಹೇಳಬೇಕಾದರೆ ಹೋದದ್ದು ಎಷ್ಟು ಎಂದು ಗೊತ್ತಿರಬೇಕು. ಅದಕ್ಕಾಗಿ ಉಪಗ್ರಹ ಆಗಾಗ ಸೂರ್ಯನನ್ನೇ ಒಂದು ಬಿಳಿಚು ಫಲಕದ ಮೂಲಕ ನೋಡಿ ಹೋಲಿಕೆಯ ಅಳತೆ ತೆಗೆದುಕೊಳ್ಳುತ್ತದೆ. ಆದರೆ ಯುವಿ ಬಿದ್ದು ಬಿದ್ದು ಆ ಫಲಕವೇ ಮಂಕಾಗುತ್ತದೆ. ನಿಂಬಸ್-7ರಲ್ಲಿ ಆದದ್ದೂ ಅದೇ. ಫಲಕ ಮಂಕಾದದ್ದನ್ನು ಸರಿಯಾಗಿ ಲೆಕ್ಕಕ್ಕೆ ತೆಗೆದುಕೊಳ್ಳದೆ ಇದ್ದಾಗ ಓಝೋನ್ ಅಂಕಿಗಳೂ ಜಾರಿದವು. ಆಮೇಲೆ ನೆಲದ ಮೇಲಿನ ಅಳತೆಗಳ ಜೊತೆ ಹೋಲಿಸಿ ಅವನ್ನು ತಿದ್ದಬೇಕಾಯಿತು. ಯಶವಂತಪುರ ಎಪಿಎಂಸಿಯ ತಕ್ಕಡಿಗೆ ಆಗಾಗ ಪರೀಕ್ಷೆ ಮಾಡಿಸಿ ಮುದ್ರೆ ಹಾಕಿಸಬೇಕಲ್ಲ, ಇದೂ ಹಾಗೆಯೇ. ಬಟ್ಟು ಸವೆದರೆ ತೂಕವೂ ತಪ್ಪುತ್ತದೆ.

ಸೂರ್ಯನ ಯುವಿಯನ್ನೇ ನೋಡುವ ಕಣ್ಣು, ಪೀಣ್ಯದ ನಂಟು

ಹಾಗಾದರೆ ಸೂರ್ಯನ ಯುವಿಯನ್ನು ನೆಲದಲ್ಲೇ ನಿಂತು ಅಳೆಯಬಹುದಲ್ಲ? ಆಗುವುದಿಲ್ಲ. ಸುಮಾರು 290 ನ್ಯಾನೊಮೀಟರ್‌ಗಿಂತ ಕೆಳಗಿನದು ನಮ್ಮ ತನಕ ಬರುವುದೇ ಇಲ್ಲ. ಗಾಳಿಯ ಮೇಲೆ ಹೋಗಿಯೇ ನೋಡಬೇಕು.

ನಮ್ಮ ದೇಶದ ಅಂಥ ಕಣ್ಣು ಆದಿತ್ಯ-ಎಲ್1 ನೌಕೆಯಲ್ಲಿದೆ. 2023ರ ಸೆಪ್ಟೆಂಬರ್ 2ರಂದು ಹಾರಿದ ಅದು 2024ರ ಜನವರಿ 6ರಂದು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರದ ಎಲ್1 ಬಿಂದುವಿನ ಸುತ್ತಲ ಕಕ್ಷೆ ಸೇರಿತು. ಅದರಲ್ಲಿರುವ ‘ಸೂಟ್’ ಎಂಬ ದೂರದರ್ಶಕವನ್ನು ಪುಣೆಯ ಐಯುಕಾ ಸಂಸ್ಥೆ ಇಸ್ರೋ ಜೊತೆಗೂಡಿ ತಯಾರಿಸಿತು. 200ರಿಂದ 400 ನ್ಯಾನೊಮೀಟರ್ ನಡುವೆ 11 ಫಿಲ್ಟರ್‌ಗಳಲ್ಲಿ ಅದು ಸೂರ್ಯನ ಚಿತ್ರ ತೆಗೆಯುತ್ತದೆ.

ಆ ನೌಕೆಯನ್ನು ನಿಭಾಯಿಸುವುದು ಉತ್ತರ ಬೆಂಗಳೂರಿನಿಂದಲೇ. ಯಶವಂತಪುರದಿಂದ ತುಮಕೂರು ರಸ್ತೆಯಲ್ಲಿ ಸ್ವಲ್ಪ ಮುಂದೆ ಹೋದರೆ ಸಿಗುವ ಪೀಣ್ಯದಲ್ಲಿ ಇಸ್ರೋದ ಇಸ್ಟ್ರಾಕ್ ಕೇಂದ್ರವಿದೆ. ನೌಕೆಗಳ ಜಾಡು ಹಿಡಿಯುವುದು, ಅವಕ್ಕೆ ಆದೇಶ ಕಳಿಸುವುದು ಅದರ ಕೆಲಸ. 1975ರಲ್ಲಿ ಹಾರಿದ ನಮ್ಮ ಮೊದಲ ಉಪಗ್ರಹ ಆರ್ಯಭಟ ಸಿದ್ಧವಾದದ್ದೂ ಪೀಣ್ಯ ಕೈಗಾರಿಕಾ ಪ್ರದೇಶದ ಶೆಡ್‌ಗಳಲ್ಲಿ.

2024ರ ಫೆಬ್ರವರಿ 22ರಂದು ಸೂರ್ಯನಲ್ಲಿ ಎಕ್ಸ್6.3 ದರ್ಜೆಯ ದೊಡ್ಡ ಜ್ವಾಲೆ ಸಿಡಿದಾಗ ‘ಸೂಟ್’ ಅದನ್ನು ಹಿಡಿಯಿತು. ಇಂಥ ಸುದ್ದಿ ಬಂದ ಕೂಡಲೇ ‘ಸೌರಜ್ವಾಲೆ, ಚರ್ಮ ಸುಡುತ್ತದೆ’ ಎಂಬ ಫಾರ್ವರ್ಡ್ ಶುರುವಾಗುತ್ತದೆ. ಸುಡುವುದಿಲ್ಲ. ಜ್ವಾಲೆಯಲ್ಲಿ ವಿಪರೀತ ಏರುವುದು ಎಕ್ಸ್-ರೇ ಮತ್ತು ಅತಿ ಚಿಕ್ಕ ಅಲೆಗಳ ಯುವಿ, ಅವು ವಾಯುಮಂಡಲದ ಮೇಲ್ಭಾಗದಲ್ಲೇ ಮುಗಿದುಹೋಗುತ್ತವೆ. ರೇಡಿಯೋ ಸಂಪರ್ಕ, ಜಿಪಿಎಸ್‌ಗೆ ತೊಂದರೆ ಆಗಬಹುದು. ನಿಮ್ಮ ಫೋನಿನ ಯುವಿ ಅಂಕಿ ಮಾತ್ರ ಇದ್ದಲ್ಲೇ ಇರುತ್ತದೆ.

ಮತ್ತೆ ಸೂರ್ಯನ ಯುವಿಯನ್ನು ಅಳೆಯುವುದು ಯಾಕೆ? ಓಝೋನನ್ನು ಹುಟ್ಟಿಸುವುದೂ ಯುವಿಯೇ, ಒಡೆಯುವುದೂ ಯುವಿಯೇ. ಮೇಲಿನ ಗಾಳಿಯ ಆಮ್ಲಜನಕವನ್ನು ಚಿಕ್ಕ ಅಲೆಗಳ ಯುವಿ ಸೀಳಿದಾಗ ಬಿಡಿ ಪರಮಾಣುಗಳು ಸಿಗುತ್ತವೆ, ಅವು ಮತ್ತೆ ಆಮ್ಲಜನಕದ ಜೊತೆ ಸೇರಿ ಓಝೋನ್ ಆಗುತ್ತವೆ. ನಮ್ಮ ಕೊಡೆಯ ಬಟ್ಟೆ ನೇಯುವ ಮಗ್ಗ ಸೂರ್ಯನಲ್ಲೇ ಇದೆ ಎನ್ನಬಹುದು.

ರಾತ್ರಿ 12.30ಕ್ಕೆ ಆಕಾಶದಲ್ಲಿ ನಡೆಯುವುದೇನು?

ಈಗ ಮೊದಲ ಫಾರ್ವರ್ಡ್‌ಗೆ ಬರೋಣ. ಕಾಸ್ಮಿಕ್ ಕಿರಣಗಳು ನಿಜಕ್ಕೂ ಇವೆ. ಅವು ಹೆಚ್ಚಾಗಿ ಸೌರಮಂಡಲದ ಆಚೆಯಿಂದ ವೇಗವಾಗಿ ಬರುವ ಕಣಗಳು. ಅವಕ್ಕೆ ಸಮಯದ ಪಟ್ಟಿ ಇಲ್ಲ, ಹಗಲೂ ರಾತ್ರಿಯೂ ಬರುತ್ತಲೇ ಇರುತ್ತವೆ. ಭೂಮಿಯ ಕಾಂತಕ್ಷೇತ್ರ ಮತ್ತು ವಾಯುಮಂಡಲ ಅವುಗಳಿಂದ ನಮ್ಮನ್ನು ಕಾಯುತ್ತವೆ. ಮೊಬೈಲ್ ಆಫ್ ಮಾಡಿದರೆ ಅವು ಹೆಚ್ಚಾಗುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ.

ಆದರೆ ರಾತ್ರಿಯ ಆಕಾಶದಿಂದ ಒಂದು ಬೆಳಕು ಬರುವುದು ನಿಜ. ಚಂದ್ರನಿಲ್ಲದ, ಊರಿನ ದೀಪಗಳಿಲ್ಲದ ಕಡೆಯಲ್ಲೂ ಆಕಾಶ ಪೂರ್ತಿ ಕಪ್ಪಾಗಿರುವುದಿಲ್ಲ, ಗಾಳಿ ತಾನೇ ಬಲು ಮಂದವಾಗಿ ಹೊಳೆಯುತ್ತಿರುತ್ತದೆ. ಇದಕ್ಕೆ ಏರ್‌ಗ್ಲೋ ಎನ್ನುತ್ತಾರೆ. ಬಾಹ್ಯಾಕಾಶ ನಿಲ್ದಾಣದಿಂದ ತೆಗೆದ ಚಿತ್ರಗಳಲ್ಲಿ ಭೂಮಿಯ ಅಂಚಿಗೆ ತೆಳುವಾದ ಹಸಿರು ದಾರ ಸುತ್ತಿದಂತೆ ಕಾಣುತ್ತದಲ್ಲ, ಅದೇ ಇದು.

ಇದು ಹಗಲಿನ ಯುವಿಯ ಉಳಿಕೆ. ಹಗಲಿನಲ್ಲಿ ಯುವಿ ಮೇಲಿನ ಗಾಳಿಯ ಅಣುಗಳನ್ನು ಒಡೆದಿಟ್ಟಿರುತ್ತದೆ. ರಾತ್ರಿ ಆ ತುಂಡುಗಳು ಮತ್ತೆ ಕೂಡುವಾಗ ಹಗಲು ಪಡೆದ ಶಕ್ತಿಯನ್ನು ಚೂರುಚೂರಾಗಿ ಬೆಳಕಾಗಿ ಬಿಡುತ್ತವೆ. ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳು 557.7 ನ್ಯಾನೊಮೀಟರ್‌ನ ಹಸಿರು ಬೆಳಕು ಕೊಡುತ್ತವೆ, ಸುಮಾರು 250 ಕಿಲೋಮೀಟರ್ ಎತ್ತರದಲ್ಲಿ 630 ನ್ಯಾನೊಮೀಟರ್‌ನ ಕೆಂಪು. ಏರ್‌ಗ್ಲೋದಲ್ಲಿ ಯುವಿ ಕೂಡ ಇದೆ, ಆದರೆ ಉಪಗ್ರಹಗಳು ನೋಡುವ ಚಿಕ್ಕ ಅಲೆಗಳ ಭಾಗವನ್ನು ಕೆಳಗಿನ ಗಾಳಿ ನಮ್ಮ ತನಕ ಬಿಡುವುದೇ ಇಲ್ಲ.

ಈ ಹೊಳಪನ್ನು ಅಳೆದರೆ ಮೇಲಿನ ವಾಯುಮಂಡಲದ ಸ್ಥಿತಿ ತಿಳಿಯುತ್ತದೆ. 2011ರ ಏಪ್ರಿಲ್ 20ರಂದು ಇಸ್ರೋ ಹಾರಿಸಿದ ಭಾರತ-ರಷ್ಯಾ ಜಂಟಿ ಉಪಗ್ರಹ ಯೂತ್‌ಸ್ಯಾಟ್ ಕೇವಲ 92 ಕಿಲೋ ತೂಗುತ್ತಿತ್ತು. ಅದರಲ್ಲೇ ಸೂರ್ಯನ ಜ್ವಾಲೆಗಳ ವಿಕಿರಣ ನೋಡುವ ಒಂದು ಉಪಕರಣ, ಭೂಮಿಯ ಅಂಚಿನ ಏರ್‌ಗ್ಲೋ ನೋಡುವ ಇನ್ನೊಂದು ಉಪಕರಣ ಇದ್ದವು. ಸೂರ್ಯ ಕೆಮ್ಮಿದರೆ ನಮ್ಮ ಗಾಳಿಗೆ ಏನಾಗುತ್ತದೆ ಎಂದು ಎರಡೂ ಕಡೆ ನೋಡುವ ಉಪಾಯ ಅದು.

ಇನ್ನೂ ಸ್ವಾರಸ್ಯದ ಅಳತೆ ಬೇರೆ ಕೆಲಸದ ನಡುವೆ ಸಿಕ್ಕಿತು. ನಕ್ಷತ್ರ ಮತ್ತು ಗೆಲಾಕ್ಸಿಗಳನ್ನು ಯುವಿಯಲ್ಲಿ ನೋಡಲು 2003ರಲ್ಲಿ ನಾಸಾ ಹಾರಿಸಿದ ‘ಗ್ಯಾಲೆಕ್ಸ್’ ದೂರದರ್ಶಕಕ್ಕೆ ಏರ್‌ಗ್ಲೋ ಅಡ್ಡ ಬರುತ್ತಿತ್ತು. ಅದನ್ನು ಕಳೆಯದೆ ಆಕಾಶದ ನಿಜವಾದ ಬೆಳಕು ತಿಳಿಯದು. ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯ ಜಯಂತ್ ಮೂರ್ತಿ ಆ ದತ್ತಾಂಶ ಜಾಲಾಡಿ, ಈ ಯುವಿ ಹೊಳಪು ಸ್ಥಳೀಯ ನಡುರಾತ್ರಿಯಿಂದ ಎಷ್ಟು ದೂರವೋ ಅಷ್ಟು ಹೆಚ್ಚು, ಸೂರ್ಯ ಚುರುಕಾಗಿದ್ದಾಗ ಇನ್ನೂ ಹೆಚ್ಚು ಎಂದು 2014ರಲ್ಲಿ ತೋರಿಸಿದರು. ಅಂದರೆ ಅತಿ ಕಡಿಮೆ ಇರುವುದು ನಡುರಾತ್ರಿಯಲ್ಲಿ.

ಬೆಂಗಳೂರಿನ ನಿಜವಾದ ನಡುರಾತ್ರಿ ಗಡಿಯಾರದ 12ಕ್ಕಲ್ಲ. ನಾವು ಭಾರತೀಯ ಕಾಲಮಾನದ ರೇಖೆಗಿಂತ ಪಶ್ಚಿಮಕ್ಕಿರುವುದರಿಂದ ಅದು ಸುಮಾರು 12.20ರ ಆಸುಪಾಸು. ಫಾರ್ವರ್ಡ್ ಹೆದರಿಸುವ 12.30ರ ಹೊತ್ತಿಗೆ ಸೂರ್ಯ ಪೂರ್ತಿ ಭೂಮಿಯ ಆಚೆ ಬದಿಯಲ್ಲಿರುತ್ತಾನೆ. ಸೂರ್ಯನ ಯುವಿ ಸೊನ್ನೆ. ನಿಶ್ಚಿಂತೆಯಿಂದ ಮಲಗಿ. ಫೋನ್ ದೂರ ಇಟ್ಟರೆ ಒಳ್ಳೆಯದೇ, ಅದು ನಿದ್ದೆಗೆ.

ಮಧ್ಯಾಹ್ನ 12.30ಕ್ಕೆ ಏನು?

ಗಡಿಯಾರವನ್ನು ಹನ್ನೆರಡು ಗಂಟೆ ಮುಂದಿಡಿ. ಅದೇ ಲೆಕ್ಕದಲ್ಲಿ ಬೆಂಗಳೂರಿನಲ್ಲಿ ಸೂರ್ಯ ಅತಿ ಎತ್ತರಕ್ಕೆ ಬರುವುದು ಸುಮಾರು 12.20ಕ್ಕೆ. ವರ್ಷದಲ್ಲಿ ಎರಡು ದಿನ, ಏಪ್ರಿಲ್ 24ರ ಮತ್ತು ಆಗಸ್ಟ್ 18ರ ಸುಮಾರಿಗೆ, ಸರಿಯಾಗಿ ನೆತ್ತಿಯ ಮೇಲಿರುತ್ತಾನೆ. ನೆಟ್ಟಗೆ ನಿಲ್ಲಿಸಿದ ಕೋಲಿಗೆ ನೆರಳೇ ಬೀಳುವುದಿಲ್ಲ. ಶಾಲೆಗಳಲ್ಲಿ ಆಚರಿಸುವ ಶೂನ್ಯ ನೆರಳಿನ ದಿನ ಇದೇ.

ನೆತ್ತಿಯ ಮೇಲಿನ ಸೂರ್ಯನ ಕಿರಣಕ್ಕೆ ಓಝೋನ್ ದಾಟಲು ಅತಿ ಹತ್ತಿರದ ದಾರಿ. ಜೊತೆಗೆ ನಮ್ಮ ಎತ್ತರ. ಪ್ರತಿ 1000 ಮೀಟರ್ ಮೇಲೇರಿದಂತೆ ಯುವಿ ಸುಮಾರು ಶೇಕಡ 10ರಷ್ಟು ಏರುತ್ತದೆ. ಬೆಂಗಳೂರನ್ನು ತಂಪಾಗಿಸಿರುವ ಎತ್ತರವೇ ಯುವಿಯನ್ನು ಹೆಚ್ಚಿಸಿದೆ. ಹಾಗಾಗಿ ಮಾರ್ಚ್‌ನಿಂದ ಮೇ ತನಕ ಮೋಡವಿಲ್ಲದ ನಡುಮಧ್ಯಾಹ್ನ ಸೂಚ್ಯಂಕ 11 ದಾಟುವುದು ಇಲ್ಲಿ ಸಾಮಾನ್ಯ. ‘ಹಿಂದೆಂದೂ ಕಾಣದ’ ಎನ್ನುವುದು ಅದಕ್ಕೇ ಸುಳ್ಳು. ನಿಮ್ಮ ಅಜ್ಜಿಯ ಕಾಲದಲ್ಲೂ ಹೀಗೇ ಇತ್ತು, ಹೇಳುವ ಆ್ಯಪ್ ಇರಲಿಲ್ಲ ಅಷ್ಟೇ.

ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 2ರವರೆಗೆ ಕಡಿಮೆ, 3ರಿಂದ 5 ಸಾಧಾರಣ, 6-7 ಹೆಚ್ಚು, 8ರಿಂದ 10 ಬಹಳ ಹೆಚ್ಚು, 11 ಮತ್ತು ಮೇಲೆ ವಿಪರೀತ. 3ರಿಂದಲೇ ರಕ್ಷಣೆ ಬೇಕು ಎನ್ನುತ್ತದೆ ಅದು.

ಮೋಸವಾಗುವುದು ಆಗಸ್ಟ್‌ನಲ್ಲಿ. ಗರಿಷ್ಠ ಉಷ್ಣಾಂಶ 28 ಡಿಗ್ರಿಯ ಆಸುಪಾಸು, ಸ್ವೆಟರ್ ಹುಡುಕುವ ಹವೆ. ಆದರೆ ಸೂರ್ಯ ಏಪ್ರಿಲ್‌ನಷ್ಟೇ ನೆತ್ತಿಯ ಮೇಲಿರುತ್ತಾನೆ. ದಟ್ಟ ಮೋಡವಿದ್ದರೆ ಯುವಿ ಕಡಿಮೆ, ಆದರೆ ತೆಳು ಮೋಡದ ಮೂಲಕ ಶೇಕಡ 90ಕ್ಕೂ ಹೆಚ್ಚು ಯುವಿ ಇಳಿಯಬಹುದು. ಡಿಸೆಂಬರ್‌ನ ಚಳಿಯಲ್ಲೂ, ಸೂರ್ಯ ಅತಿ ತಗ್ಗಿನಲ್ಲಿರುವ ದಿನದ ಮಧ್ಯಾಹ್ನವೂ, ಐದೂವರೆ ಅಡಿ ಎತ್ತರದವರ ನೆರಳು ಸುಮಾರು ನಾಲ್ಕೇ ಅಡಿ. ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಯುವಿ ಜೋರಾಗಿದೆ ಎಂದರ್ಥ.

ಯಾರಿಗೆ ಮುಖ್ಯ, ಏನು ಮಾಡಬೇಕು?

ಹೆಬ್ಬಾಳ ಫ್ಲೈಓವರ್ ಕೆಳಗೆ ನಿಲ್ಲುವ ಟ್ರಾಫಿಕ್ ಪೊಲೀಸರು, ಆರ್.ಟಿ. ನಗರದ ಗಲ್ಲಿಗಳಲ್ಲಿ ಬೈಕ್ ಓಡಿಸುವ ಡೆಲಿವರಿ ಹುಡುಗರು, ಯಶವಂತಪುರ ಮಂಡಿಯ ಹಮಾಲಿಗಳು, ಯಲಹಂಕದ ಕಡೆ ಏಳುತ್ತಿರುವ ಅಪಾರ್ಟ್‌ಮೆಂಟ್‌ಗಳ ಗಾರೆ ಕೆಲಸದವರು, ಮಧ್ಯಾಹ್ನದ ಆಟದ ಪೀರಿಯಡ್‌ನ ಮಕ್ಕಳು. ಯುವಿ ಅಂಕಿ ಹೆಚ್ಚು ಬೇಕಾದದ್ದು ಇವರಿಗೆ.

- ನಮ್ಮ ಚರ್ಮದ ಬಣ್ಣ ಸುಡುವುದನ್ನು ಒಂದಿಷ್ಟು ತಡೆಯುತ್ತದೆ. ಕಣ್ಣಿಗೆ ಆ ರಕ್ಷಣೆ ಇಲ್ಲ. ವರ್ಷಗಟ್ಟಲೆ ಯುವಿ ಬಿದ್ದರೆ ಕಣ್ಣಿನ ಪೊರೆ ಬರುವ ಸಾಧ್ಯತೆ ಹೆಚ್ಚುತ್ತದೆ.
- ಅಗಲ ಅಂಚಿನ ಟೋಪಿ, ಕೊಡೆ, ತುಂಬು ತೋಳಿನ ಅಂಗಿ, ತಲೆಗೆ ಟವಲು. ದುಬಾರಿ ಕ್ರೀಮಿಗಿಂತ ಮೊದಲು ಇವು. ಕ್ರೀಮ್ ಹಚ್ಚುವುದಾದರೆ ಬಟ್ಟೆ ಮುಚ್ಚದ ಜಾಗಕ್ಕೆ.
- ಕಪ್ಪು ಕನ್ನಡಕ ಕೊಳ್ಳುವಾಗ ಬಣ್ಣ ನೋಡಬೇಡಿ, ‘ಯುವಿ 400’ ಎಂದಿದೆಯೇ ನೋಡಿ. ಯುವಿ ತಡೆಯದ ಬರೀ ಕಪ್ಪು ಗಾಜಿನ ಹಿಂದೆ ಪಾಪೆ ಅಗಲವಾಗುತ್ತದೆ, ಒಳಗೆ ಹೋಗುವ ಯುವಿ ಹೆಚ್ಚಾಗಬಹುದು.
- ಕಿಟಕಿ ಗಾಜು ಯುವಿ-ಬಿಯ ಬಹುಪಾಲನ್ನು ತಡೆಯುತ್ತದೆ, ಯುವಿ-ಎಯನ್ನು ಅಷ್ಟಾಗಿ ತಡೆಯುವುದಿಲ್ಲ.
- ಮರದ ನೆರಳು ಒಳ್ಳೆಯದು, ಆದರೆ ಆಕಾಶದಿಂದ ಚದುರಿದ ಯುವಿ ಅಲ್ಲಿಗೂ ಬರುತ್ತದೆ.
- ಬಿಸಿಲಿಗೆ ಹೆದರಿ ಮನೆಯೊಳಗೇ ಕೂರಬೇಕಿಲ್ಲ. ವಿಟಮಿನ್ ಡಿಗೆ ಬೇಕಾದದ್ದೂ ಯುವಿ-ಬಿಯೇ. ಬೇಕಾದದ್ದು ಸ್ವಲ್ಪ ಹೊತ್ತು, ಚರ್ಮ ಉರಿಯುವಷ್ಟಲ್ಲ. ಬೆಳಗ್ಗೆ ಏಳರ ಎಳೆ ಬಿಸಿಲಿನಲ್ಲಿ ಅದು ಬಹಳ ಕಡಿಮೆ.

ಫಾರ್ವರ್ಡ್ ಮಾಡುವ ಮೊದಲು

ಕಿರಣಗಳ ಬಗ್ಗೆ ಸಂದೇಶ ಬಂದರೆ ಮೂರು ಪ್ರಶ್ನೆ ಕೇಳಿ. ಯಾವ ಕಿರಣ ಎಂದು ಹೇಳಿದೆಯೇ? ಯಾವ ತಾರೀಖು ಎಂದಿದೆಯೇ, ಇಲ್ಲಾ ಯಾವತ್ತು ಓದಿದರೂ ‘ಇವತ್ತು ರಾತ್ರಿ’ಯೇ? ಎಷ್ಟು, ಯಾವ ಅಳತೆಯಲ್ಲಿ ಎಂದಿದೆಯೇ? ಸ್ಕ್ರೀನ್‌ಶಾಟ್ ಆದರೆ ನಿಮ್ಮದೇ ಫೋನಿನ ಹವಾಮಾನ ಆ್ಯಪ್ ತೆರೆದು ಗಂಟೆಗಂಟೆಯ ಯುವಿ ನೋಡಿ. ಬೆಳಗ್ಗೆ ಎಂಟಕ್ಕೂ ಸಂಜೆ ಐದಕ್ಕೂ ಅದು ಚಿಕ್ಕ ಅಂಕಿಯಾಗಿರುತ್ತದೆ, ನಡುವೆ ಗುಡ್ಡದಂತೆ ಏರುತ್ತದೆ. ಹೊರಗಿನ ಕೆಲಸವನ್ನು ಆ ಗುಡ್ಡದ ಆಚೆಗೋ ಈಚೆಗೋ ಸರಿಸಲು ಆಗುವುದಾದರೆ ಸರಿಸಿ. ಆಗದವರು ಮನೆಯಲ್ಲಿದ್ದರೆ, ಬೆಳಗ್ಗೆ ಹೊರಡುವಾಗ ಅವರ ಕೈಗೊಂದು ಟೋಪಿ ಕೊಡಿ.